ನಾರಪ್ಪನ ನಾಲ್ಕನೇ ಗೂಡು

ಜೂನ್ ಹನ್ನೊಂದು, ಗುರುವಾರ. ಬೆಳಿಗ್ಗೆ ಚುರುಕು ಬಿಸಿಲು. ಮಧ್ಯಾಹ್ನದ ಮೇಲೆ ಪಡುವಣದಲ್ಲಿ ಮೋಡ, ಜೊತೆಗೆ ಗಾಳಿ.

ಮಕ್ಕಳೇ, ಒಂದು ದೊಡ್ಡ ಕೆರೆಯ ದಂಡೆಯಲ್ಲಿ ಒಂದು ಈಚಲು ಮರ. ನೆಟ್ಟಗೆ ನಿಂತು ನಿಂತು ಬೇಸರವಾಯಿತೋ ಏನೋ, ಅದು ನೀರಿನ ಮೇಲೆ ಬಾಗಿಕೊಂಡಿತ್ತು. ಅದರ ಗರಿಗಳ ತುದಿಗೆಲ್ಲ ಗೀಜಗನ ಗೂಡುಗಳು ತೂಗುತ್ತಿದ್ದವು. ಆ ಮರದ ಗೀಜಗರಲ್ಲಿ ನಾರಪ್ಪ ಎಂಬವನು ಬಲು ಜಾಣ ನೇಕಾರ. ಅವನು ಸೀಳಿದ ಹುಲ್ಲಿನ ಎಳೆ ಕೂದಲಿನಷ್ಟು ಸಣ್ಣ, ಹಾಕಿದ ಗಂಟು ಹಲ್ಲಿನಷ್ಟು ಗಟ್ಟಿ. ಮರದವರೆಲ್ಲ ಅವನ ಮಾತಿಗೆ ಬೆಲೆ ಕೊಡುತ್ತಿದ್ದರು.

ಗೀಜಗರಲ್ಲಿ ಒಂದು ಪದ್ಧತಿ ಇದೆ. ಗಂಡು ಗೀಜಗ ಗೂಡನ್ನು ಮೊದಲು ಅರ್ಧ ಮಾತ್ರ ಹೆಣೆಯುತ್ತದೆ. ಅದು ನೋಡಲು ತಲೆಯ ಮೇಲೆ ತೂಗುವ ಗಂಟೆಯ ಹಾಗೆ. ತಳವಿಲ್ಲ, ಕೂರಲು ಒಂದು ಅಡ್ಡಕಟ್ಟು ಮಾತ್ರ. ಆಮೇಲೆ ಹೆಣ್ಣು ಬರುತ್ತದೆ. ಒಳಗೆ ಹೊಕ್ಕು ನೋಡುತ್ತದೆ, ಎಳೆ ಹಿಡಿದು ಜಗ್ಗುತ್ತದೆ, ಅಡ್ಡಕಟ್ಟಿನ ಮೇಲೆ ಕೂತು ಜೀಕುತ್ತದೆ. ಮನಸ್ಸಿಗೆ ಬಂದರೆ ಗಂಡು ತಳ ಮುಚ್ಚಿ, ಬಾಗಿಲ ಕೊಳವೆ ಹೆಣೆದು ಗೂಡು ಮುಗಿಸಬೇಕು. ಬರದಿದ್ದರೆ ಹೆಣ್ಣು ಹಾರಿಹೋಗುತ್ತದೆ. ನಮ್ಮಲ್ಲಿ ಹೆಣ್ಣು ನೋಡುವ ಶಾಸ್ತ್ರ ಇದ್ದ ಹಾಗೆ ಅವರಲ್ಲಿ ಗೂಡು ನೋಡುವ ಶಾಸ್ತ್ರ. ಅದಕ್ಕೆ ಒಂದು ಕಟ್ಟುಪಾಡೂ ಉಂಟು. ಹೆಣ್ಣು ಬಂದು ನೋಡುವ ಮೊದಲು ಬೇರೆ ಯಾರೇ ಒಳಗೆ ಕೂತರೂ ಆ ಗೂಡು ಕೆಟ್ಟ ಹಾಗೆ. ಮತ್ತೆ ಅದನ್ನು ಯಾವ ಹೆಣ್ಣೂ ಒಪ್ಪುವುದಿಲ್ಲ.

ಆ ವರ್ಷ ನಾರಪ್ಪನ ಮೂರು ಗೂಡುಗಳು ನಪಾಸಾಗಿದ್ದವು. ಮೊದಲನೆಯದರ ಬಾಯಿ ಗಾಳಿಗೆ ಎದುರಾಗಿದೆ ಎಂದರು. ಎರಡನೆಯದರ ಅಡ್ಡಕಟ್ಟು ಸಣ್ಣದಾಯಿತು ಎಂದರು. ಮೂರನೆಯದಕ್ಕೆ ಏನೂ ಅನ್ನಲಿಲ್ಲ. ಅದೇ ಅವನಿಗೆ ಹೆಚ್ಚು ನೋವು ತಂದದ್ದು. ಈಗ ನಾಲ್ಕನೆಯದು ಸಿದ್ಧವಾಗಿತ್ತು. ಮರದ ಕಾಂಡಕ್ಕೆ ಎಲ್ಲಕ್ಕಿಂತ ಹತ್ತಿರದ ಗರಿಯಲ್ಲಿ, ಗಾಳಿಗೆ ಮರೆಯಾಗಿ, ಹೊಳೆಯುವ ಹಸಿರಿನಲ್ಲಿ ತೂಗುತ್ತಿತ್ತು. ಅಂದು ಮಧ್ಯಾಹ್ನ ಹೊನ್ನಕ್ಕ ಎಂಬ ಹೆಣ್ಣು ಗೀಜಗ ಅದನ್ನು ನೋಡಲು ಬರುವವಳಿದ್ದಳು.

ಹೊನ್ನಕ್ಕನಿಗಿಂತ ಮೊದಲು ಬಂದವರು ರಾಟವಾಳಗಳು.

ಹುಲ್ಲಿನ ಬೀಜ ತಿಂದು ಬದುಕುವ, ಮುಷ್ಟಿಯೊಳಗೆ ಅಡಗುವಷ್ಟು ಪುಟ್ಟ ಹಕ್ಕಿಗಳು ಅವು. ಮೂವತ್ತೋ ನಲವತ್ತೋ ಇದ್ದವು. ಬಂದು ಈಚಲಿನ ಬುಡದ ಮುಳ್ಳುಪೊದೆಯ ಮೇಲೆ ದೊಪ್ಪೆಂದು ಬಿದ್ದ ಹಾಗೆ ಕೂತವು. ಕೆಲವಕ್ಕೆ ಬಾಲದ ಗರಿಯೇ ಇರಲಿಲ್ಲ.

"ಏನಾಯ್ತು? ಎಲ್ಲಿಂದ ಬಂದಿರಿ?" ಎಂದು ಮೇಲಿನಿಂದ ಗೀಜಗರು ಕೇಳಿದರು.

ಅವರ ಹಿರಿಯ ರಾಗಣ್ಣ ಏದುಸಿರು ಬಿಡುತ್ತಾ ಹೇಳಿದ. "ಹುಣಸೆತೋಪಿನಿಂದ. ಕೋತಿಗಳಿಗೂ ಆ ಕರಿಮುಖದ ಮುಸಿಯಗಳಿಗೂ ಯುದ್ಧ. ತೋಪು ನಮ್ಮದು, ನಮ್ಮದು ಅಂತ ಐದು ದಿನ ಹೊಡೆದಾಡಿದರು. ಮೇಲಿನವರು ಕೆಳಗೆ ಬಿದ್ದರು, ಕೆಳಗಿದ್ದ ನಮ್ಮ ಪೊದೆಗಳೆಲ್ಲ ನೆಲಸಮ ಆದವು. ಒಂದು ಗೂಡೂ ಉಳಿದಿಲ್ಲ."

ಅವನ ಪಕ್ಕದಲ್ಲಿ ಎದೆಯ ತುಂಬ ಚುಕ್ಕೆಗಳಿದ್ದ ಒಂದು ಹೆಣ್ಣು ರಾಟವಾಳ ಕೂತಿತ್ತು. ಹೆಸರು ಚುಕ್ಕವ್ವ. ಅವಳು ಮಾತಾಡುತ್ತಿರಲಿಲ್ಲ. ಕೊಕ್ಕಿನಲ್ಲಿ ಒಂದು ಹುಲ್ಲೆಳೆ ಕಚ್ಚಿಕೊಂಡಿದ್ದಳು.

"ಇವಳಿಗೆ ಮೊಟ್ಟೆಯಿಡುವ ಹೊತ್ತು. ಇವತ್ತು ಸಂಜೆಯೊಳಗೇ ಅಂತ ಕಾಣುತ್ತೆ. ನಿಮ್ಮ ಮರದಲ್ಲಿ ಅರೆಗೂಡುಗಳು ಖಾಲಿ ತೂಗ್ತಾ ಇವೆಯಲ್ಲ, ಒಂದರಲ್ಲಿ ಜಾಗ ಕೊಡಿ, ತಳ ನಾವು ಹೇಗೋ ಹೊಂದಿಸಿಕೊಳ್ತೀವಿ" ಎಂದ ರಾಗಣ್ಣ.

ಗೀಜಗರು ನಾರಪ್ಪನ ಮುಖ ನೋಡಿದರು. ಹೆಣ್ಣುಗಳು ಬಿಟ್ಟುಹೋದ ಹದಿನೇಳು ಅರೆಗೂಡುಗಳು ಮರದಲ್ಲಿದ್ದವು. ಅವುಗಳಿಂದ ಯಾರಿಗೂ ಉಪಯೋಗವಿರಲಿಲ್ಲ. ಕೊಡಿ ಎಂದು ನಾರಪ್ಪ ಒಂದು ಮಾತು ಹೇಳಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು.

ಆದರೆ ನಾರಪ್ಪನ ಎದೆಯಲ್ಲಿ ಏನೋ ಪುಳಕ ಎದ್ದಿತು. ಈ ವರ್ಷವಿಡೀ ಅವನನ್ನು ಬೇರೆಯವರು ಪರೀಕ್ಷೆ ಮಾಡಿದ್ದರು. ಈಗ ಅವನು ಪರೀಕ್ಷೆ ಮಾಡಬಹುದಿತ್ತು.

"ಕೊಡೋಣ. ಕೊಡಲ್ಲ ಅಂತ ಯಾರು ಹೇಳಿದರು?" ಎಂದ ಅವನು ಕತ್ತು ನೆಟ್ಟಗೆ ಮಾಡಿ. "ಆದರೆ ಯಾರು ಏನು ಅಂತ ನೋಡದೆ ಹೇಗೆ ಕೊಡೋದು? ನಮ್ಮಲ್ಲಿ ಗೂಡನ್ನೇ ನೋಡಿ ಒಪ್ಪಿಕೊಳ್ತಾರೆ. ಗೂಡಿಗೆ ಬರುವವರನ್ನು ನೋಡಬೇಡವಾ? ಸಾಲಾಗಿ ಕೂತ್ಕೊಳ್ಳಿ. ಪಾಸಾದವರಿಗೆ ಗೂಡು. ಅವರು ನನಗೆ ಹತ್ತತ್ತು ಮೆತ್ತನೆಯ ಹೂಹುಲ್ಲು ತಂದುಕೊಡಬೇಕು."

ಕೆಳಗೆ ನೀರಿನಿಂದ ಚಿಪ್ಪಜ್ಜ ತಲೆ ಎತ್ತಿದ. ಅವನು ಆ ಕೆರೆಯ ಹಳೆಯ ಆಮೆ.

"ಏನಯ್ಯಾ ನಾರಪ್ಪ, ಮನೆ ಕಳಕೊಂಡು ಬಂದವರ ಹತ್ತಿರ ಕೊಡೋದಕ್ಕೆ ಏನಿರುತ್ತೆ?"

"ಹುಲ್ಲು ಎಲ್ಲಾ ಕಡೆ ಬೆಳೆಯುತ್ತೆ ಅಜ್ಜ. ಕೊಡ್ತಾರೆ."

"ಸರಿ. ಕೊನೆಗೆ ಯಾರು ಏನು ಕೊಟ್ಟರು ಅಂತ ನನಗೂ ಹೇಳು" ಎಂದು ಚಿಪ್ಪಜ್ಜ ಕೆಸರಿಗಿಳಿದು ಮಧ್ಯಾಹ್ನದ ನಿದ್ದೆಗೆ ಹೋದ.

ಪರೀಕ್ಷೆ ಶುರುವಾಯಿತು.

"ನೀವು ಕೋತಿಗಳ ಕಡೆಯವರಾ, ಮುಸಿಯಗಳ ಕಡೆಯವರಾ?"

"ನಾವು ಹುಲ್ಲುಬೀಜದ ಕಡೆಯವರು" ಎಂದ ರಾಗಣ್ಣ.

"ತಮಾಷೆ ಬೇಡ. ಯಾರಾದರೂ ಒಬ್ಬರ ಕಡೆ ಇರಲೇಬೇಕಲ್ಲ?"

"ಅಣ್ಣಾ, ಅವರು ನಮ್ಮ ಮೇಲೆ ಬಿದ್ದಾಗ ಯಾರ ಕಡೆ ಅಂತ ಕೇಳಿ ಬೀಳಲಿಲ್ಲ. ಅದು ಇರಲಿ, ಇನ್ನೊಂದು ಮುಖ್ಯವಾದ ಮಾತು..."

"ಕೇಳಿದ್ದಕ್ಕೆ ಮಾತ್ರ ಉತ್ತರ. ನಿಮಗೆ ನಿಜವಾಗಿ ಗೂಡಿತ್ತು ಅನ್ನೋದಕ್ಕೆ ಗುರುತು ಏನು?"

ಚುಕ್ಕವ್ವ ಮುಂದೆ ಬಂದು, ಕೊಕ್ಕಿನಲ್ಲಿದ್ದ ಹುಲ್ಲೆಳೆಯನ್ನು ಅವನ ಮುಂದೆ ಇಟ್ಟಳು. ಗೂಡಿನಿಂದ ಅವಳ ಕೊಕ್ಕಿಗೆ ಸಿಕ್ಕಿದ್ದು ಅಷ್ಟೇ.

ನಾರಪ್ಪ ಎಳೆಯನ್ನು ತಿರುಗಿಸಿ ನೋಡಿದ. "ಇದು ಗೂಡಿನದೇ ಅಂತ ಹೇಗೆ ಹೇಳೋದು? ದಾರಿಯಲ್ಲಿ ಬಿದ್ದಿದ್ದೂ ಆಗಿರಬಹುದು."

"ಮಧ್ಯದಲ್ಲಿ ಬಾಗಿದೆ ನೋಡಿ. ನಾನು ಮೂರು ದಿನ ಅದರ ಮೇಲೆ ಕೂತು ಹದ ಮಾಡಿದ್ದೆ" ಎಂದಳು ಚುಕ್ಕವ್ವ. ಅವಳು ಆಡಿದ ಮೊದಲ ಮಾತು ಅದು.

ಎಳೆ ಬಾಗಿದ್ದು ನಾರಪ್ಪನಿಗೂ ಕಂಡಿತು. ಹುಲ್ಲಿನ ಕೆಲಸ ಬಲ್ಲವನು ಅವನು. ಎದೆಯ ಒತ್ತಿಗೆ ಬಾಗಿದ ಎಳೆಗೂ ಗಾಳಿಗೆ ಬಾಗಿದ ಎಳೆಗೂ ವ್ಯತ್ಯಾಸ ಗೊತ್ತಿತ್ತು. ಆದರೂ, "ನೋಡೋಣ" ಎಂದು ಪಕ್ಕದ ಗರಿಗೆ ಸಿಕ್ಕಿಸಿಟ್ಟ.

ಗಾಳಿ ಜೋರಾಗುತ್ತಿತ್ತು. ಪಡುವಣದ ಮೋಡ ಬೆಟ್ಟ ದಾಟಿ ಈಚೆಗೆ ಬಂದಿತ್ತು. ನಾರಪ್ಪ ಒಬ್ಬೊಬ್ಬರನ್ನೇ ಕರೆದ. ರೆಕ್ಕೆ ಬಿಚ್ಚಿಸಿದ. ತಲೆಕೆಳಗಾಗಿ ತೂಗಿಸಿದ. ಹೆಣ್ಣು ಗೀಜಗರು ಗೂಡಿನ ಎಳೆ ಜಗ್ಗಿ ನೋಡುವ ಹಾಗೆ ಅವನು ರಾಟವಾಳಗಳ ಬಾಲದ ಗರಿ ಜಗ್ಗಿ ನೋಡಿದ. ಒಂದು ಮುದಿ ರಾಟವಾಳದ ಗರಿ ಅವನ ಕೊಕ್ಕಿಗೇ ಬಂದುಬಿಟ್ಟಿತು.

"ಇದು ಗಟ್ಟಿಯಿಲ್ಲ" ಎಂದ ನಾರಪ್ಪ.

"ನಿನ್ನ ಹತ್ತಿರ ಬರುವವರೆಗೂ ಗಟ್ಟಿಯಾಗೇ ಇತ್ತು ಕಣಪ್ಪ" ಎಂದಿತು ಆ ಮುದಿ ಹಕ್ಕಿ.

ರಾಗಣ್ಣ ಮತ್ತೆ ಬಾಯಿ ತೆರೆದ. "ಅಣ್ಣಾ, ನಾವು ಬರುವಾಗ ಹಿಂದೆ..."

"ನಿಮ್ಮ ಸರದಿ ಮುಗಿದಿದೆ."

ಅಷ್ಟು ಹೊತ್ತಿಗಾಗಲೇ ಹೊನ್ನಕ್ಕ ಬಂದು ಒಂದು ಗರಿಯ ಮೇಲೆ ಕೂತಿದ್ದಳು. ಅವಳು ಬಂದದ್ದನ್ನೂ ನಾರಪ್ಪ ನೋಡಿರಲಿಲ್ಲ, ಪರೀಕ್ಷೆಯಲ್ಲಿ ಅಷ್ಟು ಮುಳುಗಿದ್ದ. ಪಕ್ಕದ ಗೀಜಗನೊಬ್ಬ ರೆಕ್ಕೆಯಿಂದ ತಿವಿದಾಗ ಗಾಬರಿಯಾಗಿ ತಿರುಗಿದ.

"ಬಂದ್ಯಾ ಹೊನ್ನಕ್ಕ, ಬಾ ಬಾ. ಗೂಡು ಸಿದ್ಧವಾಗಿದೆ. ಇವರದೊಂದು ಮುಗಿಸಿ ಬಂದೆ. ಇವತ್ತಿಗೆ ಇಷ್ಟು ಸಾಕು, ತೀರ್ಮಾನ ನಾಳೆ ಹೇಳ್ತೀನಿ" ಎಂದ.

"ನಾಳೆಯಾ?" ಎಂದಳು ಚುಕ್ಕವ್ವ. ಅವಳು ಬಾಗಿಕೊಂಡು ಕೂತಿದ್ದಳು.

ಹೊನ್ನಕ್ಕ ಗೂಡಿನ ಕಡೆ ನೋಡಲಿಲ್ಲ. "ನಾರಪ್ಪ, ನಾನು ಬಂದು ಬಹಳ ಹೊತ್ತಾಯ್ತು. ನೀನು ಅವರಿಗೆ ನಲವತ್ತು ಪ್ರಶ್ನೆ ಕೇಳಿದೆ. ಆ ಹಿರಿಯ ಎರಡು ಸಲ ಏನೋ ಹೇಳೋಕೆ ಬಾಯಿ ತೆರೆದ. ಅದೇನು ಅಂತ ಒಂದು ಸಲವಾದರೂ ಕೇಳಿದ್ಯಾ?"

ಹೊನ್ನಕ್ಕನೇ ಕೆಳಗೆ ಬಾಗಿ ಕೇಳಿದಳು. "ಹೇಳಪ್ಪಾ, ಏನದು?"

"ಕೋತಿಗಳು ಸೋತವಮ್ಮ" ಎಂದ ರಾಗಣ್ಣ ಒಂದೇ ಉಸಿರಿಗೆ. "ಮುಸಿಯಗಳು ಅವುಗಳನ್ನು ತೋಪಿನಿಂದ ಓಡಿಸಿವೆ. ಕೆರೆ ದಂಡೆಯ ಈಚಲು ಹಣ್ಣಾಗಿದೆ, ಅಲ್ಲಿಗೇ ಹೋಗೋಣ ಅಂತ ಮಾತಾಡಿಕೊಂಡವು. ನಮ್ಮ ಹಿಂದೆಯೇ ಹೊರಟವು. ನಿಮಗೆ ಹೇಳಬೇಕು ಅಂತಲೇ ನಾನು ಮೊದಲಿನಿಂದ ಒದ್ದಾಡ್ತಾ ಇದೀನಿ."

ಎಲ್ಲರೂ ತಲೆ ಎತ್ತಿ ನೋಡಿದರು. ಈಚಲಿನ ನಡುವೆ ಹಣ್ಣಿನ ಗೊನೆಗಳು ಕಿತ್ತಳೆ ಬಣ್ಣಕ್ಕೆ ತಿರುಗಿ ತೊನೆಯುತ್ತಿದ್ದವು. ಕೋತಿಗಳು ಆ ಗೊನೆಗಳಿಗೆ ಕೈ ಹಾಕಿದರೆ ಸುತ್ತಲ ಗರಿಗಳೆಲ್ಲ ಮುರಿಯುತ್ತವೆ. ಗರಿ ಮುರಿದರೆ ಗೂಡು ನೀರಿಗೆ. ಮರದಲ್ಲಿ ಒಂಬತ್ತು ಪೂರ್ತಿ ಗೂಡುಗಳಿದ್ದವು, ಒಂಬತ್ತರಲ್ಲೂ ಮೊಟ್ಟೆಗಳಿದ್ದವು.

ಅಷ್ಟರಲ್ಲಿ ಏರಿಯ ಆ ತುದಿಯ ಪೊದೆಗಳು ಅಲುಗಾಡಿದವು. ಒಂದು ಕಂದು ತಲೆ ಕಂಡಿತು. ಆಮೇಲೆ ಐದು. ಆಮೇಲೆ ಎಣಿಸುವ ಧೈರ್ಯ ಯಾರಿಗೂ ಇರಲಿಲ್ಲ.

ಮರದಲ್ಲಿ ಗದ್ದಲವೆದ್ದಿತು. ಮೊಟ್ಟೆಯ ಮೇಲಿದ್ದ ಹೆಣ್ಣು ಗೀಜಗರು ಹೊರಗೆ ಇಣುಕಿ, ಮತ್ತೆ ಒಳಗೆ ಹೋಗಿ, ಮತ್ತೆ ಇಣುಕಿದರು. ಗಂಡುಗಳು ಚಿಟ್ ಚಿಟ್ ಎಂದು ಸುತ್ತು ಹೊಡೆದರು. ಕೋತಿಯ ಮುಂದೆ ಚಿಟ್ ಚಿಟ್ ಎಂದರೆ ಏನಾಗುತ್ತದೆ, ಹೇಳಿ. ಬಾಲ ಕೂಡ ಅಲುಗುವುದಿಲ್ಲ.

ಚುಕ್ಕವ್ವ ಮುಳ್ಳುಪೊದೆಯಿಂದ ನಾರಪ್ಪನ ಗರಿಗೆ ಹಾರಿ ಬಂದಳು. ಯಾರನ್ನೂ ಕೇಳಲಿಲ್ಲ.

"ಕೋತಿ ಯಾವುದಕ್ಕೆ ಹೆದರುತ್ತೆ, ಗೊತ್ತಾ?"

"ಯಾವುದಕ್ಕೆ?"

"ಹಾವಿಗೆ. ತೋಪಿನಲ್ಲಿ ಒಂದು ಸಲ ನಮ್ಮ ಗೂಡಿಗೆ ಕೋತಿಮರಿಯೊಂದು ಕೈ ಹಾಕಿತ್ತು. ನಾವು ಒಳಗೆ ಕೂತು ಬುಸ್ ಅಂತ ಹಾವಿನ ಹಾಗೆ ಸದ್ದು ಮಾಡಿದೆವು. ಆ ಮರಿ ಎರಡು ದಿನ ನೆಲಕ್ಕಿಳಿಯಲಿಲ್ಲ. ಆದರೆ ಬಯಲಲ್ಲಿ ಕೂತು ಬುಸುಗುಟ್ಟಿದರೆ ಯಾರೂ ಹೆದರಲ್ಲ. ನಮ್ಮ ಮೈ ಕಾಣಬಾರದು. ಸದ್ದು ಗೂಡಿನ ಒಳಗಿಂದಲೇ ಬರಬೇಕು."

ನಾರಪ್ಪ ಅರೆಗೂಡುಗಳನ್ನು ನೋಡಿದ. ಹದಿನೇಳು ಗಂಟೆಗಳು ಗಾಳಿಗೆ ತೂಗುತ್ತಿದ್ದವು. ಒಳಗೆ ಕೂತವರು ಕಾಂಡದ ಕಡೆಯಿಂದ ಬರುವವರಿಗೆ ಕಾಣುವುದಿಲ್ಲ. ಸಣ್ಣ ಸದ್ದೂ ಒಳಗೆ ಸುತ್ತಿ ದೊಡ್ಡದಾಗಿ ಹೊರಬರುತ್ತದೆ.

"ಹೋಗಿ" ಎಂದ. "ಎಲ್ಲರೂ ಹೋಗಿ ಕೂತ್ಕೊಳ್ಳಿ. ಯಾವುದಾದರೂ ಸರಿ, ಯಾರಾದರೂ ಸರಿ. ಬೇಗ."

ಬಾಲವಿದ್ದವರು, ಬಾಲವಿಲ್ಲದವರು, ಪರೀಕ್ಷೆ ಕೊಟ್ಟವರು, ಕೊಡದವರು, ಎಲ್ಲ ಭರ್ರೆಂದು ಹಾರಿ ಎರಡೆರಡಾಗಿ, ಮೂರು ಮೂರಾಗಿ ಅರೆಗೂಡುಗಳಲ್ಲಿ ತೂರಿಕೊಂಡರು. ಮುದಿ ಹಕ್ಕಿ ನಾರಪ್ಪನ ಮೂರನೇ ಗೂಡಿಗೆ ಹೋಗಿ ಕೂತು, "ಅಯ್ಯೋ, ಇದಕ್ಕೇನು ಕಡಿಮೆಯಾಗಿದೆ? ಚೆನ್ನಾಗೇ ಇದೆಯಲ್ಲ" ಎಂದು ಒಳಗಿನಿಂದ ಕೂಗಿತು. ಅಂಥ ಹೊತ್ತಿನಲ್ಲೂ ನಾರಪ್ಪನಿಗೆ ಅದು ಕೇಳಿಸಿತು.

ಕೋತಿಗಳು ಏರಿಯ ನಡುವಿಗೆ ಬಂದಿದ್ದವು.

ಚುಕ್ಕವ್ವ ಮಾತ್ರ ಹೊರಗೇ ಇದ್ದಳು. ಅವಳು ಕಾಂಡದ ಹತ್ತಿರದ ಗೂಡನ್ನೇ ನೋಡುತ್ತಿದ್ದಳು. ಅದು ಹೊಳೆಯುವ ಹಸಿರಿನ ನಾಲ್ಕನೇ ಗೂಡು.

"ಮೇಲೆ ಹತ್ತಿ ಬರೋ ಕೋತಿಯ ಕೈಗೆ ಮೊದಲು ಸಿಗೋದು ಇದು. ಇದರೊಳಗೆ ಸದ್ದಿಲ್ಲ ಅಂದರೆ ಉಳಿದದ್ದೆಲ್ಲ ಬರೀ ಗಾಳಿ ಅಂದುಕೊಳ್ಳುತ್ತೆ" ಎಂದಳು.

ನಾರಪ್ಪ ಹೊನ್ನಕ್ಕನ ಕಡೆ ತಿರುಗಿದ. ಅವಳು ಇನ್ನೂ ಗೂಡಿನೊಳಗೆ ಕಾಲಿಟ್ಟಿರಲಿಲ್ಲ. ಈಗ ಬೇರೆ ಯಾರಾದರೂ ಕೂತರೆ ಅದೂ ಕೆಟ್ಟ ಹಾಗೆಯೇ. ಇಪ್ಪತ್ತು ದಿನದ ಕೆಲಸ. ಐನೂರು ಎಳೆ ಹುಲ್ಲು. ಈ ಮಳೆಗಾಲ ತಾನು ಒಂಟಿಯಾಗಿ ಉಳಿಯುವುದಿಲ್ಲ ಎಂಬ ಆಸೆಯನ್ನೆಲ್ಲ ಅವನು ಅದರ ಅಡ್ಡಕಟ್ಟಿಗೆ ಸುತ್ತಿದ್ದ.

ಹೊನ್ನಕ್ಕ ಚುಕ್ಕವ್ವನ ಕಡೆ ನೋಡಿದಳು.

ಬುಡದಲ್ಲಿ ಕೋತಿಯ ಉಗುರು ಕಾಂಡಕ್ಕೆ ಗೀರುವ ಸದ್ದು ಕೇಳಿಸಿತು.

"ಒಳಗೆ ಹೋಗು ಚುಕ್ಕವ್ವ" ಎಂದ ನಾರಪ್ಪ.

ಕೋತಿಗಳ ನಾಯಕ ಒಂದು ಕಿವಿ ಹರಿದ ದೊಡ್ಡ ಗಡವ. ಬಾಗಿದ ಕಾಂಡದ ಮೇಲೆ ಅವನು ನಡೆದೇ ಬಂದ, ಹಿಂದೆ ಎಂಟು ಹತ್ತು ಕೋತಿಗಳು. ಹಸಿವಿಗೆ ಅವುಗಳ ಹೊಟ್ಟೆ ಬೆನ್ನಿಗೆ ಹತ್ತಿತ್ತು. ಗಡವ ಹಣ್ಣಿನ ಗೊನೆಗೆ ಕಣ್ಣಿಟ್ಟು, ಅಡ್ಡ ಬಂದ ನಾಲ್ಕನೇ ಗೂಡನ್ನು ಸರಿಸಲು ಕೈ ಚಾಚಿದ.

"ಬುಸ್ಸ್ಸ್."

ಗಡವನ ಕೈ ಗಾಳಿಯಲ್ಲೇ ನಿಂತಿತು. ಅವನು ಗೂಡನ್ನು ನೋಡಿದ. ಗೂಡು ಮೆಲ್ಲಗೆ ತಿರುಗಿತು.

"ಬುಸ್ಸ್ಸ್" ಎಂದಿತು ಪಕ್ಕದ ಗೂಡು. ಅದರ ಪಕ್ಕದ್ದು. ಅದರ ಮೇಲಿನದು. ಹಿಂದಿನದು. ನೋಡನೋಡುತ್ತ ಹದಿನೆಂಟು ಗೂಡುಗಳೂ ಒಟ್ಟಿಗೆ ಬುಸುಗುಟ್ಟತೊಡಗಿದವು. ಅದೇ ಹೊತ್ತಿಗೆ ಗಾಳಿ ಬೀಸಿ, ಗೂಡುಗಳೆಲ್ಲ ಒಳಗೆ ಏನೋ ಸುತ್ತಿಕೊಂಡು ಹೊರಳುತ್ತಿರುವ ಹಾಗೆ ತೊನೆದವು.

"ಹಾವಿನ ಮರ" ಎಂದು ಹಿಂದಿನ ಕೋತಿಯೊಂದು ಕಿರುಚಿತು.

ಆಮೇಲಿನದನ್ನು ಹೇಳುವುದಕ್ಕಿಂತ ನೋಡಬೇಕಿತ್ತು. ಮುಂದಿನವರು ಹಿಂದಕ್ಕೆ ಹಾರಿದರು, ಹಿಂದಿನವರು ಮುಂದಿನವರನ್ನು ಹಿಡಿದುಕೊಂಡರು. ಒಬ್ಬನ ಬಾಲ ಇನ್ನೊಬ್ಬನ ಕೈಯಲ್ಲಿ, ಅವನ ಕಾಲು ಮತ್ತೊಬ್ಬನ ಬಾಯಲ್ಲಿ. ಬಾಗಿದ ಮರ ಒಂದು ಸಲ ಉಯ್ಯಾಲೆಯ ಹಾಗೆ ಜೀಕಿತು. ದುಡುಂ, ದುಡುಂ, ದುಡುಂ ಎಂದು ಕೋತಿಗಳು ಕೆರೆಗೆ ಬಿದ್ದು, ಈಜಿ ದಡ ಸೇರಿ, ತಿರುಗಿಯೂ ನೋಡದೆ ಏರಿ ಹತ್ತಿ ಓಡಿದವು.

ಮರ ಜೀಕಿದ ರಭಸಕ್ಕೆ ಮಾಗಿದ ಈಚಲ ಹಣ್ಣುಗಳು ಮಳೆಯ ಹಾಗೆ ದಂಡೆಗೆ ಉದುರಿದ್ದವು. ಸ್ವಲ್ಪ ಹೊತ್ತಿಗೆ ಮರಿಯನ್ನು ಎದೆಗೆ ಕಟ್ಟಿಕೊಂಡ ಒಂದು ಹೆಣ್ಣು ಕೋತಿ ಹೆದರುತ್ತ ಹೆದರುತ್ತ ದಂಡೆಗೆ ಬಂತು. ಒಂದು ಎಳೆಯ ಗೀಜಗ ಬುಸುಗುಟ್ಟಲು ನೋಡಿದಾಗ ರಾಗಣ್ಣ ತಡೆದ.

"ಬಿಡು. ಅವಳದೂ ತೋಪು ಹೋಗಿದೆ."

ಅವಳ ಹಿಂದೆ ಉಳಿದ ಕೋತಿಗಳೂ ಬಂದು ಉದುರಿದ್ದನ್ನು ಆರಿಸಿ ತಿಂದು ಹೋದವು. ಮರದ ಕಡೆ ಯಾವುದೂ ಕಣ್ಣೆತ್ತಲಿಲ್ಲ.

ಮೊದಲ ಹನಿ ಬಿತ್ತು. ನಾರಪ್ಪ ನಾಲ್ಕನೇ ಗೂಡಿನ ಹತ್ತಿರ ಹೋಗಿ ಇಣುಕಿದ. ಚುಕ್ಕವ್ವ ಅಡ್ಡಕಟ್ಟನ್ನು ಬಿಗಿಯಾಗಿ ಹಿಡಿದು ಕಣ್ಣು ಮುಚ್ಚಿ ಕೂತಿದ್ದಳು.

"ಹೊತ್ತು ಬಂತಾ?"

"ಬಂತು. ಆದರೆ ಇದಕ್ಕೆ ತಳ ಇಲ್ಲ ಅಣ್ಣಾ. ಮೊಟ್ಟೆ ನೀರಿಗೆ ಬೀಳುತ್ತೆ."

"ಇನ್ನು ಸ್ವಲ್ಪ ಹೊತ್ತು ತಡೆದುಕೊ" ಎಂದು ನಾರಪ್ಪ ಹಾರಿದ.

ಮಳೆಯಲ್ಲಿ ಹೊಸ ಹುಲ್ಲು ಹುಡುಕಲು ಹೊತ್ತಿರಲಿಲ್ಲ. ಅವನು ತನ್ನ ಮೊದಲನೇ ಗೂಡಿನಿಂದ ಎಳೆ ಬಿಡಿಸಿದ, ಎರಡನೆಯದರಿಂದ ಬಿಡಿಸಿದ. ಹೆಣೆದ. ಸುತ್ತಿದ. ಗಂಟು ಹಾಕಿದ. ಒದ್ದೆ ರೆಕ್ಕೆ ಕೊಡವಿ ಮತ್ತೆ ಹಾರಿದ. ಎಳೆ ಗಟ್ಟಿಯೋ ಎಂದು ಜಗ್ಗಿ ನೋಡಲೂ ನಿಲ್ಲಲಿಲ್ಲ. ನೋಡುತ್ತಿದ್ದ ಬೇರೆ ಗೀಜಗರೂ ಒಬ್ಬೊಬ್ಬರಾಗಿ ಎಳೆ ತಂದು ಅವನ ಕೊಕ್ಕಿಗೆ ಕೊಡತೊಡಗಿದರು. ಗೂಡಿನ ಹೊಟ್ಟೆ ದುಂಡಗಾಯಿತು, ತಳ ಕೂಡಿತು. ಕೊನೆಗೆ ಒಂದು ಕಡೆ ಒಂದೇ ಒಂದು ಎಳೆ ಸಾಲದಾಯಿತು. ಪಕ್ಕದ ಗರಿಯಲ್ಲಿ, ತಾನೇ "ನೋಡೋಣ" ಎಂದು ಸಿಕ್ಕಿಸಿಟ್ಟಿದ್ದ ಬಾಗಿದ ಹುಲ್ಲೆಳೆ ಅವನಿಗೆ ಕಂಡಿತು. ಅದನ್ನು ತಂದು ಸರಿಯಾಗಿ ನಡುವೆ ಹೆಣೆದ.

ಕತ್ತಲಾಗುವ ಮೊದಲು ಆ ಗೂಡಿನಲ್ಲಿ ಒಂದು ಬಿಳಿಯ ಮೊಟ್ಟೆ ಇತ್ತು.

ಮರುದಿನ ಶುಕ್ರವಾರ. ಮಳೆ ನಿಂತು ತೆಳು ಬಿಸಿಲು ಬಂದಿತ್ತು. ಚಿಪ್ಪಜ್ಜ ನೀರಿನಿಂದ ತಲೆ ಎತ್ತಿ ಬೆನ್ನು ನೋವೆಂದು ಗೊಣಗಿದ.

"ನಾರಪ್ಪ, ನಿನ್ನೆ ನನ್ನ ಬೆನ್ನ ಮೇಲೆ ಮೂರು ಕೋತಿ ಬಿದ್ದವು. ಯಾಕೆ ಬಿದ್ದವು ಅಂತ ಹೇಳೋರೇ ಇಲ್ಲ."

ನಾರಪ್ಪ ಎಲ್ಲವನ್ನೂ ಹೇಳಿದ. ತನ್ನ ನಲವತ್ತು ಪ್ರಶ್ನೆಗಳನ್ನೂ ಬಿಡಲಿಲ್ಲ. ಹೇಳುವಾಗ ಅವನ ಕೊಕ್ಕಿನ ಅಂಚಿನಲ್ಲಿ ಒಂದು ಹಸಿ ಹುಲ್ಲೆಳೆ ಇತ್ತು. ಮೇಲಿನ ಖಾಲಿ ಗರಿಯೊಂದಕ್ಕೆ ಅಂಥದೇ ಇನ್ನೊಂದು ಎಳೆ ಆಗಲೇ ಸುತ್ತಿಕೊಂಡಿತ್ತು. ಅದರ ಪಕ್ಕದಲ್ಲಿ ಹೊನ್ನಕ್ಕ ಕೂತು ರೆಕ್ಕೆ ಒಣಗಿಸಿಕೊಳ್ಳುತ್ತಿದ್ದಳು. ನಾರಪ್ಪ ಅವಳನ್ನು ಏನೂ ಕೇಳಿರಲಿಲ್ಲ. ಅವಳೂ ಹೊರಡುವ ಆತುರದಲ್ಲಿರಲಿಲ್ಲ.

"ಎಲ್ಲಾ ಸರಿ. ಕೊನೆಗೆ ಯಾರು ಏನು ಕೊಟ್ಟರು? ನನಗೂ ಹೇಳು ಅಂದಿದ್ದೆನಲ್ಲ" ಎಂದ ಚಿಪ್ಪಜ್ಜ.

ಚುಕ್ಕವ್ವ ಗೂಡಿನಿಂದ ಇಣುಕಿದಳು. "ಹತ್ತು ಹೂಹುಲ್ಲು ತಂದಿಡ್ತೀನಿ ಅಂದೆ ಅಜ್ಜ. ಬೇಡ ಅಂದುಬಿಟ್ಟರು."

"ಹಾಗಾದರೆ ಯಾರೂ ಏನೂ ಕೊಡಲಿಲ್ಲವಾ?"

ನಾರಪ್ಪ ಹುಲ್ಲೆಳೆಯನ್ನು ಕಾಲಿನಡಿ ಒತ್ತಿಟ್ಟುಕೊಂಡು ಹೇಳಿದ.

"ಒಂಬತ್ತು ಗೂಡಿನ ಮೊಟ್ಟೆ ಉಳಿಸಿ ಅವರು ಮೊದಲೇ ಕೊಟ್ಟರು. ಆಮೇಲೆ ನಾನು ಕೊಟ್ಟೆ. ನಾಲ್ಕನೇ ಗೂಡು."

ನೀತಿ: ನೆಲೆ ಕಳೆದುಕೊಂಡು ಬಂದವರಿಗೆ ಮೊದಲು ಜಾಗ ಕೊಡಬೇಕು, ಅವರ ಮಾತು ಕೇಳಬೇಕು, ಪರೀಕ್ಷೆ ಮಾಡುತ್ತ ಕೂತವನು ತನ್ನ ನೆಲೆಯನ್ನೂ ಕಳೆದುಕೊಂಡಾನು.